ಇಂಚು ಕೇಳುವ ಮೊದಲು ಕಿಲೋ ಹೇಳಿ

ಜೀಪು ಎತ್ತರಿಸುವ ಮಾತು ಬಂದಲ್ಲೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಇಂಚು? ಎರಡಿಂಚು ಅನ್ನುವವರಿದ್ದಾರೆ, ಮೂರಿಂಚು ಅನ್ನುವವರಿದ್ದಾರೆ, ಧೈರ್ಯ ಜಾಸ್ತಿಯಿದ್ದವರು ನಾಲ್ಕಕ್ಕೂ ಹೋಗುತ್ತಾರೆ. ಅಂಗಡಿಯವನೂ ಅದನ್ನೇ ಕೇಳುತ್ತಾನೆ, ಸ್ಪ್ರಿಂಗಿನ ಡಬ್ಬಿಯ ಮೇಲೂ ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಗಾಡಿಯಲ್ಲಿ ಏನು ಹೇರುತ್ತೀರಿ, ದಿನಾ ಎಷ್ಟು ಜನ ಕೂರುತ್ತೀರಿ, ಮುಂದೆ ಕಬ್ಬಿಣದ ಬಂಪರ್ ಇದೆಯೇ, ಮೇಲೆ ಕ್ಯಾರಿಯರ್ ಇದೆಯೇ ಎಂದು ಕೇಳುವವರು ಅಪರೂಪ. ಸ್ಪ್ರಿಂಗ್ ಇರುವುದು ಭಾರ ಹೊರುವುದಕ್ಕೆ. ಎತ್ತರವೆನ್ನುವುದು ಆ ಭಾರ ಹೊತ್ತ ಮೇಲೆ ಉಳಿಯುವ ಶಿಲ್ಕು. ಶಿಲ್ಕನ್ನು ಮೊದಲೇ ಬರೆದಿಟ್ಟು ಆಮೇಲೆ ಜಮಾಖರ್ಚು ಹೊಂದಿಸಲು ಹೊರಟವರೇ ಈಗ ಹೆಚ್ಚು.

ನಾನು ಮೂಡಿಗೆರೆ ಸೀಮೆಯ ಸಣ್ಣ ಕಾಫಿ ಬೆಳೆಗಾರ. ನಮ್ಮ ಮನೆಯಿಂದ ಡಾಂಬರು ರಸ್ತೆ ಮುಟ್ಟಬೇಕಾದರೆ ಹಳ್ಳ ದಾಟಿ ಒಂದು ಜಾರು ಏರು ಹತ್ತಬೇಕು. ಮಳೆಗಾಲದಲ್ಲಿ ಆ ಏರಿನ ನಡುವೆ ನೀರು ಹರಿದು ಅರ್ಧ ಚಕ್ರ ಮುಳುಗುವ ಕೊರಕಲು ಬೀಳುತ್ತದೆ. ಹಾಗಾಗಿ ನಾಲ್ಕೂ ಚಕ್ರ ಎಳೆಯುವ ಗಾಡಿ ನಮ್ಮ ಕಡೆ ಗುದ್ದಲಿ, ಕತ್ತಿಯಂತೆ ತೋಟದ ಸಾಮಾನು. ಗೊಬ್ಬರ, ಕಾಫಿ ಮೂಟೆ, ಡೀಸೆಲ್ ಕ್ಯಾನು, ಕೆಟ್ಟ ಪಂಪ್‌ಸೆಟ್ಟು, ಆಸ್ಪತ್ರೆಗೆ ಹೊರಟ ಬಸುರಿ, ಎಲ್ಲಕ್ಕೂ ಅದೇ. 2020ರ ಅಕ್ಟೋಬರಿನಲ್ಲಿ ಹೊಸ ಥಾರ್, 2023ರ ಜೂನಿನಲ್ಲಿ ಐದು ಬಾಗಿಲ ಜಿಮ್ನಿ ಬಂದ ಮೇಲೆ ಪೇಟೆಯ ಹುಡುಗರಿಗೂ ಇಂಥ ಗಾಡಿಯ ಹುಚ್ಚು ಹತ್ತಿದೆ. ಹತ್ತಲಿ, ನನಗೆ ಸಂತೋಷವೇ. ಆದರೆ ಶನಿವಾರ ಬೆಳಿಗ್ಗೆ ಚಾರ್ಮಾಡಿ ರಸ್ತೆಯಲ್ಲಿ ಸಾಲಾಗಿ ಹೋಗುವ ಈ ಗಾಡಿಗಳನ್ನು ನೋಡಿದರೆ ಮೂರರಲ್ಲೊಂದು ಕಾಲ ತುದಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಅದರ ಹಿಂದೆ ಹೋಗುವವನ ಕಣ್ಣಿಗೆ ಅದರ ಅಚ್ಚಿನ ಹೌಸಿಂಗು, ಶಾಫ್ಟು, ಡೀಸೆಲ್ ಟ್ಯಾಂಕು ಎಲ್ಲ ದರ್ಶನ.

ಸ್ಪ್ರಿಂಗ್ ಆರಿಸುವುದು ಹೇಗೆಂದು ನಾನು ಕಲಿತದ್ದು ಒಬ್ಬ ಪಟ್ಟಿ ಕೆಲಸದ ಮೇಸ್ತ್ರಿಯಿಂದ. ಆಗ ನಮ್ಮಲ್ಲಿದ್ದದ್ದು ಹಳೆಯ ಮಹೀಂದ್ರ ಜೀಪು, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್. ಹಿಂದಿನ ಪಟ್ಟಿ ಕೂತು ಹೋಗಿದೆ, ಎತ್ತಿಸಿಕೊಡಿ ಎಂದು ಗಾಡಿ ಬಿಟ್ಟೆ. ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹಿಂಚಕ್ರದ ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದರು. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಮ್ಮಿಯಾಗಿ ಲೆಕ್ಕ ತಪ್ಪುತ್ತದೆ, ಹಬ್ಬಿನಿಂದ ಅಳೆದರೆ ಸ್ಪ್ರಿಂಗ್ ಎಷ್ಟು ಇಳಿಯಿತೋ ಅಷ್ಟೇ ಗೊತ್ತಾಗುತ್ತದೆ. ಆಮೇಲೆ ಪಕ್ಕದ ಗೊಬ್ಬರದಂಗಡಿಯಿಂದ ಡಿಎಪಿ ಮೂಟೆ ತರಿಸಿದರು. ಐವತ್ತೈವತ್ತು ಕಿಲೋದ ಆರು ಮೂಟೆ, ಸರಿಯಾಗಿ ಹಿಂದಿನ ಹೌಸಿಂಗಿನ ಮೇಲೆ ಬೀಳುವಂತೆ ಜೋಡಿಸಿದರು. ಮತ್ತೆ ಟೇಪು. ಮತ್ತೆ ಗೋಡೆಯ ಮೇಲೆ ಅಂಕಿ. 300 ಕಿಲೋ ಎಂದರೆ ಒಂದೊಂದು ಬದಿಗೆ 150. ಗಾಡಿ ಇಳಿದದ್ದು 5 ಸೆಂಟಿಮೀಟರ್. ಅಂದರೆ ಒಂದು ಮಿಲಿಮೀಟರ್ ಇಳಿಯಲು 3 ಕಿಲೋ ಬೇಕು.

ಪುಸ್ತಕದಲ್ಲಿ ಇದಕ್ಕೆ ಸ್ಪ್ರಿಂಗ್ ರೇಟ್ ಅನ್ನುತ್ತಾರೆ. ಮೇಸ್ತ್ರಿಗೆ ಆ ಮಾತು ಗೊತ್ತಿತ್ತೋ ಇಲ್ಲವೋ, ಗೋಡೆಯ ಮೇಲೆ ಅಂಕಿ ಇತ್ತು.

"ಗೌಡ್ರೆ, ಎತ್ತರ ಬೇಕಾ, ತ್ರಾಣ ಬೇಕಾ?" ಎಂದರು.

"ಎರಡೂ ಬೇಕು ಮೇಸ್ತ್ರಿ."

"ಎರಡೂ ಬೇಕಂದ್ರೆ ಖಾಲಿ ಓಡ್ಸುವಾಗ ಸೊಂಟಕ್ಕೆ ಎಣ್ಣೆ ಹಚ್ಚಿಸ್ಕೊಳ್ಳಿ."

ಎತ್ತರ ಮಾತ್ರ ಬೇಕಾದರೆ ಇದ್ದ ಪಟ್ಟಿಗೇ ಕಮಾನು ಹೆಚ್ಚಿಸಬಹುದು. ಬರೀ ಬಡಿದು ಬಗ್ಗಿಸಿದರೆ ಭಾರ ಬಿದ್ದು ಬಿದ್ದು ಮತ್ತೆ ಕೂರುತ್ತದೆ, ಕಾಯಿಸಿ ಹದ ಹಾಕಿದರೆ ನಿಲ್ಲುತ್ತದೆ. ತ್ರಾಣ ಬೇಕಾದರೆ ಇನ್ನೊಂದು ಪಟ್ಟಿ ಸೇರಿಸಬೇಕು. ಆಗ ಎತ್ತರವೂ ಕೊಂಚ ಬರುತ್ತದೆ, ಬಿಗಿಯೂ ಬರುತ್ತದೆ. ಕೊನೆಗೆ ಅವರು ಮಾಡಿದ್ದು ಹೀಗೆ: ಮೇನ್ ಪಟ್ಟಿಯ ಎರಡು ಕಣ್ಣುಗಳ ನಡುವೆ ದಾರ ಎಳೆದು, ದಾರದಿಂದ ಪಟ್ಟಿಯ ನಡುವಿಗೆ ಸ್ಕೇಲು ಹಿಡಿದು ಕಮಾನು ಎಷ್ಟಿದೆಯೆಂದು ನೋಡಿದರು, ಎಡಬಲ ಎರಡೂ ಒಂದೇ ಅಳತೆಗೆ ಬರುವವರೆಗೆ ಸುತ್ತಿಗೆ ಬಿಡಲಿಲ್ಲ. ಪಟ್ಟಿಗಳ ನಡುವಿನ ತುಕ್ಕು ಕೆರೆದು ಗ್ರೀಸು ಸವರಿದರು. ಸೆಂಟರ್ ಬೋಲ್ಟ್ ಹೊಸದು, ಯು ಬೋಲ್ಟ್ ಹೊಸದು, ಶ್ಯಾಕಲ್ ಬುಷ್ ಹೊಸದು. ಹೆಚ್ಚಿನ ಪಟ್ಟಿ ಹಾಕಲೇ ಇಲ್ಲ. "ನೀವು ಭಾರ ಹೇರೋದು ಕುಯ್ಲಿನ ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ಗಾಡೀಲಿ ಇರೋದು ನೀವು, ನಿಮ್ಮ ನಾಯಿ" ಎಂದರು. ಲೆಕ್ಕ ಅಂದರೆ ಅದು.

ಕಾಯಿಲ್ ಸ್ಪ್ರಿಂಗಿನ ಕಾಲದಲ್ಲಿ ಈ ಮೇಸ್ತ್ರಿಯ ಜಾಗಕ್ಕೆ ಡಬ್ಬಿ ಬಂದಿದೆ. ಕಾಯಿಲನ್ನು ಯಾರೂ ಬಡಿದು ರಿಪೇರಿ ಮಾಡುವುದಿಲ್ಲ, ತೆಗೆದು ಬೇರೆ ಹಾಕುತ್ತಾರೆ. ಹೀಗಾಗಿ ಕೊಳ್ಳುವವನು ಡಬ್ಬಿ ಒಡೆಯುವ ಮೊದಲೇ ಯೋಚಿಸಿರಬೇಕು. ಯೋಚಿಸುವುದಕ್ಕೆ ಬೇಕಾದ ಮಾಹಿತಿ ಮೂರೇ: ತಂತಿಯ ದಪ್ಪ, ಸುರುಳಿಯ ಅಗಲ, ಸುರುಳಿ ಎಷ್ಟು ಸುತ್ತು ಇದೆ ಅನ್ನುವುದು. ಇದರಲ್ಲಿ ತಂತಿಯ ದಪ್ಪ ಮಹಾ ಮೋಸದ್ದು. ಬಿಗಿಯೆನ್ನುವುದು ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 12 ಮಿ.ಮೀ. ತಂತಿಯ ಸ್ಪ್ರಿಂಗ್ ತೆಗೆದು, ಅದೇ ಅಗಲ ಅದೇ ಸುತ್ತಿನ 13 ಮಿ.ಮೀ. ಸ್ಪ್ರಿಂಗ್ ಹಾಕಿದಿರಿ ಅನ್ನಿ. ಕಣ್ಣಿಗೆ ವ್ಯತ್ಯಾಸವೇ ಕಾಣದು, ಬಿಗಿ ಮಾತ್ರ ಶೇ 38ರಷ್ಟು ಹೆಚ್ಚು. ಸುರುಳಿ ಕತ್ತರಿಸಿ ಗಾಡಿ ತಗ್ಗಿಸುವ ಹುಡುಗರಿಗೂ ಈ ಮಾತು ಸಲ್ಲುತ್ತದೆ: ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಅವರ ಗಾಡಿ ಹಂಪಿನ ಮೇಲೆ ಎಗರುವುದು ಅದಕ್ಕೇ.

ಎತ್ತರಿಸಿದ ಸ್ಪ್ರಿಂಗೆಂದರೆ ಉದ್ದದ ಸ್ಪ್ರಿಂಗ್ ಇರಬಹುದು, ಗಟ್ಟಿ ಸ್ಪ್ರಿಂಗ್ ಇರಬಹುದು, ಎರಡೂ ಇರಬಹುದು. ಡಬ್ಬಿಯ ಮೇಲಿನ "2 ಇಂಚು" ಇದನ್ನು ಹೇಳುವುದಿಲ್ಲ. ಬಂಪರ್, ವಿಂಚ್ ಹೊತ್ತ ಗಾಡಿಗೆಂದು ಮಾಡಿದ ಗಟ್ಟಿ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಎರಡಿಂಚಿನ ಬದಲು ಮೂರೂವರೆ ಇಂಚು ಎದ್ದು ನಿಲ್ಲುತ್ತದೆ. ಹುಡುಗರಿಗೆ ಖುಷಿ, ಕೊಟ್ಟ ದುಡ್ಡಿಗೆ ಒಂದೂವರೆ ಇಂಚು ಪುಕ್ಕಟೆ. ಹಗುರ ಗಾಡಿಯ ಸ್ಪ್ರಿಂಗನ್ನು ಭಾರದ ಗಾಡಿಗೆ ಹಾಕಿದರೆ ಹೊಸ ಸ್ಪ್ರಿಂಗೂ ಹಳೆಯದರಷ್ಟೇ ಎತ್ತರದಲ್ಲಿ ಕೂತು, ಪ್ರತಿ ಗುಂಡಿಗೂ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತದೆ.

ಈ ವಿದ್ಯೆಯಲ್ಲಿ ಪಳಗಿದವರು ಆಸ್ಟ್ರೇಲಿಯಾದವರು. ಅವರ ಊರುಗಳ ನಡುವೆ ಸಾವಿರ ಕಿಲೋಮೀಟರ್ ಮಣ್ಣುದಾರಿ, ಹಾಗಾಗಿ ನೀರು, ಡೀಸೆಲ್, ಮಲಗುವ ಡೇರೆ ಎಲ್ಲ ಗಾಡಿಯ ಮೇಲೇ. ಅಲ್ಲಿನ ಓಲ್ಡ್ ಮ್ಯಾನ್ ಎಮು ಎಂಬ ಬ್ರ್ಯಾಂಡಿನ ಸ್ಪ್ರಿಂಗಿನ ಕ್ಯಾಟಲಾಗು ನೋಡಿದರೆ ಒಂದೇ ಗಾಡಿಗೆ ಒಂದೇ ಬದಿಗೆ ಹಲವು ಸ್ಪ್ರಿಂಗ್‌ಗಳಿರುತ್ತವೆ: ಖಾಲಿ ಗಾಡಿಗೆ ಒಂದು, ಬಂಪರ್ ಇದ್ದರೆ ಇನ್ನೊಂದು, ಬಂಪರ್ ಜತೆ ವಿಂಚ್ ಇದ್ದರೆ ಮತ್ತೊಂದು, ಸದಾ ಹಿಂದೆ ಭಾರವಿದ್ದರೆ ಮಗದೊಂದು. ಎತ್ತರ ಎಲ್ಲದಕ್ಕೂ ಹತ್ತಿರ ಹತ್ತಿರ ಒಂದೇ. ಬದಲಾಗುವುದು ಕಿಲೋ. ನಮ್ಮಲ್ಲಿ ಆ ಕ್ಯಾಟಲಾಗಿನಿಂದ ಒಂದೆರಡನ್ನು ತರಿಸಿ ಇಟ್ಟುಕೊಂಡು, ಬಂದವರಿಗೆಲ್ಲ ಇದ್ದದ್ದನ್ನೇ ಹಾಕಿ ಕಳಿಸುವ ಅಂಗಡಿಗಳನ್ನು ನಾನು ನೋಡಿದ್ದೇನೆ.

ಭಾರವೆಂದರೆ ಎಷ್ಟು ಎಂದು ಮೊದಲು ಮನೆಯಲ್ಲೇ ಕೂತು ಕಾಗದದ ಮೇಲೆ ಬರೆಯಬೇಕು. ಉಕ್ಕಿನ ಮುಂಬಂಪರ್ 40 ಕಿಲೋ ಅನ್ನಿ, ವಿಂಚ್ 40 ಕಿಲೋ. ಒಟ್ಟು 80. ಸರಿ, ಮುಂದಿನ ಎರಡು ಸ್ಪ್ರಿಂಗಿಗೆ ತಲಾ 40 ಕಿಲೋ ಎಂದು ಭಾಗಿಸಿದರೆ ತಪ್ಪು. ಬಂಪರ್ ಇರುವುದು ಮುಂಚಕ್ರಕ್ಕಿಂತ ಮುಂದೆ. ತಕ್ಕಡಿಯ ತುದಿಯಲ್ಲಿ ತೂಗಿದ ಹಾಗೆ ಅದು ಹಿಂದನ್ನು ಎತ್ತಿ ಮುಂದನ್ನು ಅದುಮುತ್ತದೆ. ಐದು ಬಾಗಿಲ ಜಿಮ್ನಿಯ ಚಕ್ರಾಂತರ 2,590 ಮಿ.ಮೀ. ಮುಂಚಕ್ರದಿಂದ 600 ಮಿ.ಮೀ. ಮುಂದೆ ಈ 80 ಕಿಲೋ ನೇತುಹಾಕಿದರೆ ಮುಂಚಕ್ರಗಳಿಗೆ ಬೀಳುವುದು 98 ಕಿಲೋ ಚಿಲ್ಲರೆ, ಹಿಂಚಕ್ರಗಳಿಂದ 18 ಕಿಲೋ ಚಿಲ್ಲರೆ ಕಳೆಯುತ್ತದೆ. ಸ್ಪ್ರಿಂಗ್ ಮಿ.ಮೀ.ಗೆ 2 ಕಿಲೋದ್ದಾದರೆ ಮುಂದುಗಡೆ ಸುಮಾರು ಒಂದಿಂಚು ಇಳಿಯಿತು. ಎರಡಿಂಚು ಎತ್ತರಿಸಿದ್ದರಲ್ಲಿ ಅರ್ಧ ಅಲ್ಲೇ ಹೋಯಿತು. ಈ ಲೆಕ್ಕಕ್ಕೆ ಎಂಜಿನಿಯರಿಂಗ್ ಬೇಡ, ಏಳನೇ ತರಗತಿಯ ತ್ರೈರಾಶಿ ಸಾಕು.

ಇನ್ನು ತಲೆಯ ಮೇಲಿನ ಭಾರ. ಜಿಮ್ನಿ ಸುಮಾರು 1,200 ಕಿಲೋ ತೂಕದ ಗಾಡಿ. ಅದರ ಗುರುತ್ವ ಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಮಾಡಿನ ಮೇಲೆ, ಸುಮಾರು 175 ಸೆಂ.ಮೀ. ಎತ್ತರದಲ್ಲಿ, ಕ್ಯಾರಿಯರ್ ಮತ್ತು ಡೇರೆ ಸೇರಿ 60 ಕಿಲೋ ಕೂರಿಸಿದರೆ ಆ ಕೇಂದ್ರ 5 ಸೆಂ.ಮೀ. ಮೇಲೇಳುತ್ತದೆ. ಎರಡಿಂಚು ಸ್ಪ್ರಿಂಗ್ ಎತ್ತರಿಸಿದರೆ ಏಳುವುದೂ ಹೆಚ್ಚುಕಡಿಮೆ ಅಷ್ಟೇ. ಲಿಫ್ಟ್ ಹಾಕಿದರೆ ಗಾಡಿ ಮಗುಚುತ್ತದೆ ಎಂದು ಹೆದರಿಸುವವರು ಕ್ಯಾರಿಯರ್ ಬಗ್ಗೆ ಬಾಯಿ ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಿ, ಬದಿ ಇಳಿಜಾರಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಅಡ್ಡ ಹೋಗುವವರನ್ನು ಕಂಡಾಗ ನನ್ನ ಕೈ ತಾನಾಗಿ ಸೀಟಿನ ಹಿಡಿ ಹಿಡಿಯುತ್ತದೆ, ನಾನು ಕೂತಿರುವುದು ಬೇರೆ ಗಾಡಿಯಲ್ಲಾದರೂ.

ಈಗ ಎತ್ತರದ ಮಾತಿಗೇ ಬರೋಣ. ಯಾಕೆ ಬೇಕು ಎತ್ತರ? ಕಲ್ಲು ಬಡಿಯಬಾರದೆಂದು. ನ್ಯಾಯ. ಆದರೆ ಹಳೆ ಜೀಪು, ಜಿಪ್ಸಿ, ಜಿಮ್ನಿಯಂಥ ಗಾಡಿಗಳಲ್ಲಿ ಹಿಂದೆ ಮುಂದೆ ಎರಡೂ ಕಡೆ ಇಡೀ ಹೌಸಿಂಗ್ ಚಕ್ರದಿಂದ ಚಕ್ರಕ್ಕೆ ಒಂದೇ ತುಂಡು. ಸ್ಪ್ರಿಂಗ್ ಇರುವುದು ಆ ಹೌಸಿಂಗಿನ ಮೇಲೆ. ಸ್ಪ್ರಿಂಗನ್ನು ಎಷ್ಟೇ ಉದ್ದ ಮಾಡಿ, ಮೇಲಿನ ಬಾಡಿ ಏಳುತ್ತದೆ, ಕೆಳಗಿನ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಕೊರಕಲಿನ ನಡುದಿಂಡಿಗೆ ಮೊದಲು ತಾಗುವುದು ಹೌಸಿಂಗಿನಲ್ಲಿ ಉಬ್ಬಿರುವ ಡಿಫರೆನ್ಷಿಯಲ್. ಮೂರಿಂಚು ಲಿಫ್ಟ್ ಹಾಕಿದ ಗಾಡಿಯ ಡಿಫರೆನ್ಷಿಯಲ್ಲೂ ಲಿಫ್ಟ್ ಹಾಕದ ಗಾಡಿಯ ಡಿಫರೆನ್ಷಿಯಲ್ಲೂ ನೆಲದಿಂದ ಒಂದೇ ಎತ್ತರ. ಅದನ್ನು ಎತ್ತುವುದು ಟೈರು ಮಾತ್ರ. ಜಿಮ್ನಿಗೆ ಕಂಪನಿ ಕೊಡುವ 195/80 ಆರ್15 ಟೈರಿನ ಎತ್ತರ 693 ಮಿ.ಮೀ. ಅದರ ಬದಲು 215/75 ಹಾಕಿದರೆ 703. ಟೈರಿನ ಅರ್ಧದಷ್ಟೇ ಹೌಸಿಂಗಿನ ಪಾಲಿಗೆ ಬರುವುದರಿಂದ ಸಿಕ್ಕಿದ್ದು 5 ಮಿ.ಮೀ. 235/75ಕ್ಕೆ ಹೋದರೆ 20 ಮಿ.ಮೀ. ಆಗ ಆ ಟೈರು ಮಡ್‌ಗಾರ್ಡಿಗೆ ಉಜ್ಜದ ಹಾಗೆ ನೋಡಿಕೊಳ್ಳಲು ಸ್ವಲ್ಪ ಲಿಫ್ಟ್ ಬೇಕಾದೀತು. ಅದು ಲಿಫ್ಟಿಗೊಂದು ಸರಿಯಾದ ಕಾರಣ. ಬಾಡಿಯ ಹೊಟ್ಟೆ ದಿಬ್ಬದ ನೆತ್ತಿಗೆ ಕೂರದಿರಲಿ, ಬಂಪರ್ ದರೆಗೆ ತಾಗದಿರಲಿ ಅನ್ನುವುದು ಇನ್ನೊಂದು ಕಾರಣ. ಕಂಪನಿಯಿಂದ ಹೊರಬರುವಾಗಲೇ ಜಿಮ್ನಿ ನೆಲದಿಂದ 210 ಮಿ.ಮೀ., ಥಾರ್ 226 ಮಿ.ಮೀ. ಎತ್ತರ ಇರುತ್ತವೆ. ನಮ್ಮ ಸೀಮೆಯ ತೋಟದ ದಾರಿಗಳಿಗೆ ಇಷ್ಟು ಸಾಲದು ಅನ್ನುವವರು ಆ ದಾರಿಯಲ್ಲಿ ತಪ್ಪು ಗೆರೆ ಹಿಡಿದು ಓಡಿಸುತ್ತಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ಕೊರಕಲಿನೊಳಗೆ ಚಕ್ರ ಇಳಿಸುವುದು ಯಾಕೆ, ದಿಂಡಿನ ಮೇಲೊಂದು ಬದುವಿನ ಮೇಲೊಂದು ಚಕ್ರ ಇಟ್ಟು ಹೋಗಬಾರದೇ?

ಕೊಡಚಾದ್ರಿಗೂ ಮಾಂದಲಪಟ್ಟಿಗೂ ದಿನಾ ಜನ ತುಂಬಿಕೊಂಡು ಹತ್ತುವ ಬಾಡಿಗೆ ಜೀಪುಗಳನ್ನು ಒಮ್ಮೆ ಬಗ್ಗಿ ನೋಡಿ. ಕೊಡಚಾದ್ರಿ 1,343 ಮೀಟರ್ ಎತ್ತರದ ಬೆಟ್ಟ, ಅದರ ದಾರಿ ದಾರಿಯೆಂದು ಕರೆಯುವ ಹಾಗಿಲ್ಲ. ನಾನು ನೋಡಿದ ಜೀಪುಗಳಲ್ಲಿ ಅಂದದ ಲಿಫ್ಟ್ ಇಲ್ಲ, ಬಣ್ಣದ ಸ್ಪ್ರಿಂಗ್ ಇಲ್ಲ. ಹಿಂದೆ ಪಟ್ಟಿ ದಪ್ಪ ಇದೆ, ಯಾಕೆಂದರೆ ಹಿಂದೆ ಜನ ಕೂರುತ್ತಾರೆ. ಟೈರಿನ ಗುಬ್ಬಿ ಸವೆದಿಲ್ಲ. ಮೊದಲ ಗೇರಿನಲ್ಲಿ, ಲೋ ರೇಂಜಿನಲ್ಲಿ, ಕ್ಲಚ್ಚಿಗೆ ಕಾಲು ಮುಟ್ಟಿಸದೆ, ಆಸನದಲ್ಲಿ ಅರ್ಧ ಹೊರಗೆ ವಾಲಿ ಮುಂಚಕ್ರ ನೋಡುತ್ತ ಹೋಗುತ್ತಾನೆ ಡ್ರೈವರ್. ಅವನಿಗೆ ಸ್ಪ್ರಿಂಗ್ ಬಗ್ಗೆ ಪಾಠ ಹೇಳಬೇಕಿಲ್ಲ, ಅವನ ಹೊಟ್ಟೆಪಾಡೇ ಅದರ ಮೇಲಿದೆ.

ಗಟ್ಟಿ ಸ್ಪ್ರಿಂಗಿನ ಇನ್ನೊಂದು ಆಟ ಕೊರಕಲಿನಲ್ಲೇ ಗೊತ್ತಾಗುವುದು. ಚಕ್ರ ಮೇಲೆ ಹೋಗುವುದು ಎಷ್ಟು ಮುಖ್ಯವೋ ಕೆಳಗೆ ಇಳಿಯುವುದೂ ಅಷ್ಟೇ ಮುಖ್ಯ. ಒಂದು ಚಕ್ರ ಗುಂಡಿಯ ಮೇಲೆ ಬಂದಾಗ ಸ್ಪ್ರಿಂಗ್ ಅದನ್ನು ಕೆಳಗೆ ತಳ್ಳಿ ನೆಲ ಮುಟ್ಟಿಸಬೇಕು. ಶಾಕ್ ಅಬ್ಸಾರ್ಬರ್ ಹಳೆಯದೇ ಇಟ್ಟು ಸ್ಪ್ರಿಂಗ್ ಮಾತ್ರ ಉದ್ದ ಮಾಡಿದರೆ ಏನಾಗುತ್ತದೆ? ಚಕ್ರ ಎಷ್ಟು ಕೆಳಗೆ ಇಳಿಯಬಹುದು ಎಂಬುದನ್ನು ಶಾಕಿನ ಉದ್ದ ಕಟ್ಟಿಹಾಕಿದೆ. ಮೊದಲು 80 ಮಿ.ಮೀ. ಇಳಿಯುತ್ತಿದ್ದ ಚಕ್ರ, ಗಾಡಿಯನ್ನು 50 ಮಿ.ಮೀ. ಎತ್ತಿ ನಿಲ್ಲಿಸಿದ ಮೇಲೆ 30 ಮಿ.ಮೀ. ಮಾತ್ರ ಇಳಿದೀತು. ಗುಂಡಿಯ ಮೇಲೆ ಚಕ್ರ ಗಾಳಿಯಲ್ಲಿ ನಿಂತು ತಿರುಗುತ್ತದೆ, ಲಾಕ್ ಇಲ್ಲದ ಡಿಫರೆನ್ಷಿಯಲ್ ಇದ್ದಬದ್ದ ಶಕ್ತಿಯನ್ನೆಲ್ಲ ಆ ಗಾಳಿಯಲ್ಲಿರುವ ಚಕ್ರಕ್ಕೇ ಕೊಡುತ್ತದೆ. ನೆಲದ ಮೇಲಿದ್ದ ಇನ್ನೊಂದು ಚಕ್ರ ಸುಮ್ಮನೆ ನಿಂತಿರುತ್ತದೆ. ಲಿಫ್ಟ್ ಹಾಕದ ಪಕ್ಕದ ಮನೆಯ ಗಾಡಿ ಹತ್ತಿದ ಏರನ್ನು ಲಿಫ್ಟ್ ಹಾಕಿದ ಗಾಡಿ ಹತ್ತದೆ ಹಗ್ಗ ಕೇಳುವುದು ಹೀಗೆ. ಹಾಗಾಗಿ ಸ್ಪ್ರಿಂಗ್ ಉದ್ದವಾದರೆ ಶಾಕೂ ಉದ್ದವಾಗಬೇಕು. ಸ್ಪ್ರಿಂಗ್ ಗಟ್ಟಿಯಾದರೆ ಶಾಕೂ ಅದಕ್ಕೆ ತಕ್ಕ ಹಿಡಿತದ್ದಾಗಬೇಕು. ಇಲ್ಲವಾದರೆ ಹಂಪು ದಾಟಿದ ಮೇಲೂ ಗಾಡಿ ಎರಡು ಸಲ ತಲೆಯಾಡಿಸುತ್ತದೆ.

ಕಡಿಮೆ ದುಡ್ಡಿನ ದಾರಿಯೊಂದಿದೆ: ಸ್ಪೇಸರ್. ಇದ್ದ ಸ್ಪ್ರಿಂಗಿನ ತುದಿಗೆ ರಬ್ಬರಿನದೋ ಅಲ್ಯೂಮಿನಿಯಮ್ಮಿನದೋ ಬಿಲ್ಲೆ ಇಟ್ಟು ಎತ್ತರಿಸುವುದು. ಇದರಿಂದ ಸ್ಪ್ರಿಂಗಿನ ಬಿಗಿ ಬದಲಾಗದು, ಸವಾರಿ ಮೊದಲಿನಷ್ಟೇ ಮೆತ್ತಗಿರುತ್ತದೆ ಎಂದು ಹೇಳಿ ಮಾರುತ್ತಾರೆ, ಅದು ನಿಜವೇ. ಬಿಲ್ಲೆಯ ದಪ್ಪ ಎಷ್ಟೋ ಎತ್ತರವೂ ಅಷ್ಟೇ ಎಂದು ತಿಳಿಯುವುದು ಮಾತ್ರ ಎಲ್ಲ ಗಾಡಿಗೂ ಹೊಂದುವುದಿಲ್ಲ. ಮುಂದೆ ಎರಡು ವಿಷ್‌ಬೋನ್ ಇರುವ ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ, ತೋಳಿನ ನಡುಭಾಗದಲ್ಲಿ ಕೂತಿರುತ್ತದೆ. ಅಲ್ಲಿ ಒಂದಿಂಚು ಬಿಲ್ಲೆ ಇಟ್ಟರೆ ಚಕ್ರದ ಬಳಿ ಒಂದೂವರೆ ಇಂಚೋ ಅದಕ್ಕೂ ಹೆಚ್ಚೋ ಎತ್ತರ ಬರುತ್ತದೆ. ಬೆಂಗಳೂರಲ್ಲಿರುವ ನನ್ನ ತಮ್ಮನ ಮಗ ಅಂಥದೇ ಗಾಡಿಗೆ ಎರಡಿಂಚಿನ ಬಿಲ್ಲೆ ಹಾಕಿಸಿಕೊಂಡು ದೀಪಾವಳಿಗೆ ಊರಿಗೆ ಬಂದ. "ದೊಡ್ಡಪ್ಪ, ಹೇಗಿದೆ?" ಅಂದ. ಮುಂಚಕ್ರದ ಹಿಂದೆ ಕೈ ಹಾಕಿ ನೋಡಿದೆ, ಬೆರಳಿಗೆ ಕಪ್ಪು ಗ್ರೀಸು ಬಂತು. ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು ಕೋನ ಜಾಸ್ತಿಯಾಗಿ, ಅದರ ತುದಿಯ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಸೀಳಿದ್ದವು. ಒಳಗಿನ ಗ್ರೀಸು ರಿಮ್ಮಿನ ಒಳಬದಿಗೆಲ್ಲ ಎರಚಿತ್ತು. ಇನ್ನೊಂದು ತಿಂಗಳು ಹಾಗೇ ಓಡಿಸಿದ್ದರೆ ಮಣ್ಣು ನೀರು ಹೊಕ್ಕು ಜಾಯಿಂಟೇ ಹೋಗುತ್ತಿತ್ತು. ಅವನ ಅಜ್ಜಿ, ಅಂದರೆ ನನ್ನ ತಾಯಿ, ಅಷ್ಟರಲ್ಲಿ ದೇವಸ್ಥಾನಕ್ಕೆಂದು ಸೀರೆ ಉಟ್ಟು ಬಂದು ಗಾಡಿಯ ಬಾಗಿಲ ಬಳಿ ನಿಂತಿದ್ದರು. ಮೆಟ್ಟಿಲು ಅವರ ಮೊಣಕಾಲಿಗಿಂತ ಮೇಲಿತ್ತು. ಕೊಟ್ಟಿಗೆಯಿಂದ ಹಾಲು ಕರೆಯುವ ಸ್ಟೂಲು ತಂದು ಇಟ್ಟು ಹತ್ತಿಸಿದೆವು. ಇಳಿಯುವಾಗ ಬೇಕೆಂದು ಸ್ಟೂಲನ್ನೂ ಡಿಕ್ಕಿಗೆ ಹಾಕಿಕೊಂಡೆವು.

ಎರಡೂ ಕಡೆ ಒಂದೇ ತುಂಡು ಹೌಸಿಂಗ್, ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗೆ ಬೂಟಿನ ಕಾಟ ಕಮ್ಮಿ, ಬೇರೆ ಕಾಟ ಉಂಟು. ಗಾಡಿ ಎದ್ದಾಗ ಅದರ ತೋಳುಗಳು ಕೆಳಮುಖವಾಗಿ, ಮುಂದಿನ ಹೌಸಿಂಗ್ ಸ್ವಲ್ಪ ಉರುಳಿ, ಕ್ಯಾಸ್ಟರ್ ಕೋನ ಕಮ್ಮಿಯಾಗುತ್ತದೆ. ಸ್ಟೇರಿಂಗ್ ತಿರುಗಿಸಿ ಕೈಬಿಟ್ಟರೆ ತಾನಾಗಿ ನೇರವಾಗುವ ಗುಣ ಅದರಿಂದಲೇ ಬರುವುದು. ಅದು ಹೋದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಹುಡುಕಾಡುತ್ತ ಹೋಗುತ್ತದೆ. ಹೌಸಿಂಗನ್ನು ಅಡ್ಡ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡಿನ ಕೋನವೂ ಬದಲಾಗಿ ಇಡೀ ಹೌಸಿಂಗ್ ಒಂದು ಪಕ್ಕಕ್ಕೆ ಸರಿಯುತ್ತದೆ. ಇದಕ್ಕೆಲ್ಲ ಸರಿಪಡಿಸುವ ಬುಷ್ ಇದೆ, ಉದ್ದ ಹೊಂದಿಸಬಲ್ಲ ರಾಡ್ ಇದೆ, ಉದ್ದದ ಬ್ರೇಕ್ ಹೋಸ್ ಇದೆ. ಆದರೆ ಸ್ಪ್ರಿಂಗಿನ ಬೆಲೆ ಹೇಳುವಾಗ ಇವುಗಳ ಬೆಲೆ ಹೇಳುವುದಿಲ್ಲ. ಹೆಡ್‌ಲೈಟಿನ ಮಾತಂತೂ ಕೇಳಲೇಬೇಡಿ. ಮೂಗು ಎದ್ದ ಗಾಡಿಯ ದೀಪ ಇಳಿಸಿ ಹೊಂದಿಸದೆ ಘಾಟಿಯಲ್ಲಿ ಎದುರು ಬಂದರೆ, ಈ ಕಡೆಯ ತಿರುವಿನಲ್ಲಿರುವ ನಮ್ಮ ಕಣ್ಣು ಕುಕ್ಕುತ್ತದೆ.

ಹಾಗಾದರೆ ನಾನು ಲಿಫ್ಟಿನ ವಿರೋಧಿಯೇ? ಅಲ್ಲ. ಸದಾ ಭಾರ ಹೊರುವವನಿಗೆ ಗಟ್ಟಿ ಸ್ಪ್ರಿಂಗ್ ಬೇಕೇ ಬೇಕು. ಭಾರ ಏರುಪೇರು ಇರುವವನಿಗೆ ಒಂದು ತುದಿಯಲ್ಲಿ ಸುತ್ತು ಒತ್ತೊತ್ತಾಗಿರುವ ಸ್ಪ್ರಿಂಗ್ ಇದೆ: ಖಾಲಿ ಇದ್ದಾಗ ಮೆತ್ತಗಿದ್ದು, ಭಾರ ಬಿದ್ದು ಆ ಒತ್ತು ಸುತ್ತುಗಳು ಕೂಡಿಕೊಂಡ ಮೇಲೆ ಬಿಗಿಯಾಗುವುದು. ಇಲ್ಲವೇ ಹಿಂದಿನ ಕಾಯಿಲ್ಲಿನೊಳಗೆ ಗಾಳಿ ಚೀಲ ಇಟ್ಟು, ಕುಯ್ಲಿನ ಕಾಲದಲ್ಲಿ ಗಾಳಿ ತುಂಬಿ, ಆಮೇಲೆ ಇಳಿಸಬಹುದು. ವಾರಕ್ಕೆ ಐದು ದಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಬ್ಬರೇ ಕೂತಿರುವವರಿಗೆ ನನ್ನ ಸಲಹೆ ಬೇರೆ: ಆ ದುಡ್ಡಿನಲ್ಲಿ ಒಳ್ಳೆಯ ಟೈರು ಕೊಳ್ಳಿ, ಮಿಕ್ಕಿದ್ದರಲ್ಲಿ ಒಳ್ಳೆಯ ಶಾಕ್ ಹಾಕಿಸಿ, ಇನ್ನೂ ಮಿಕ್ಕರೆ ಗಾಳಿ ಇಳಿಸಿ ತುಂಬುವುದಕ್ಕೊಂದು ಕಂಪ್ರೆಸರ್ ಕೊಳ್ಳಿ. ಸ್ಪ್ರಿಂಗ್ ಕಂಪನಿಯದೇ ಇರಲಿ.

ಕೊನೆಗೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಗಾಡಿಯ ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಬದಲಾವಣೆ ಮಾಡಕೂಡದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಮೊಕದ್ದಮೆಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಉಕ್ಕಿನ ಬುಲ್ ಬಾರ್ ತೆಗೆಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಇಷ್ಟೆಲ್ಲ ಇದ್ದೂ ಲಿಫ್ಟ್ ಸ್ಪ್ರಿಂಗ್ ರಾಜಾರೋಷವಾಗಿ ಮಾರಾಟವಾಗುತ್ತದೆ. ಹಾಕುವವನು ಸಿಕ್ಕಿಬೀಳುವುದಿಲ್ಲ, ಸಿಕ್ಕಿಬೀಳುವುದು ಹಾಕಿಸಿಕೊಂಡವನು. ಅದೂ ಅಪಘಾತವಾಗಿ, ವಿಮೆಯವರು ಗಾಡಿಯ ಕೆಳಗೆ ಟಾರ್ಚು ಬಿಟ್ಟು ನೋಡಿದ ದಿನ.

ಪೂರಾ ಬೇಡ ಅನ್ನುವ ಕಾನೂನು, ಪೂರಾ ನಡೆಯುವ ಮಾರುಕಟ್ಟೆ. ಎರಡರ ನಡುವೆ ಕೆಟ್ಟ ಕೆಲಸವೂ ಒಳ್ಳೆ ಕೆಲಸವೂ ಒಂದೇ ಅಪರಾಧ. ಹೌಸಿಂಗ್, ಶಾಕ್, ಹೋಸ್ ಎಲ್ಲ ಹೊಂದಿಸಿ ಒಂದೂವರೆ ಇಂಚು ಎತ್ತಿದ ತೋಟದ ಗಾಡಿಗೂ, ಬಿಲ್ಲೆಯ ಮೇಲೆ ಬಿಲ್ಲೆ ಪೇರಿಸಿ ನಾಲ್ಕಿಂಚು ಎತ್ತಿದ ಶೋಕಿ ಗಾಡಿಗೂ ಒಂದೇ ಕಲಮು. ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಸುಮಾರು 50 ಮಿ.ಮೀ.ವರೆಗೆ ಸಸ್ಪೆನ್ಷನ್ ಎತ್ತರಿಸಲು ಅವಕಾಶವಿದೆ, ಮೀರಿದರೆ ಎಂಜಿನಿಯರಿನ ಪ್ರಮಾಣಪತ್ರ ತರಬೇಕು. ನಮ್ಮಲ್ಲೂ ಅಂಥದೊಂದು ಗೆರೆ ಎಳೆದರೆ ಏನು ಗಂಟು ಹೋಗುತ್ತದೆ? ಆರ್‌ಟಿಒ ಕಚೇರಿಯಲ್ಲಿ ಗಾಡಿ ತಪಾಸಣೆ ಹೇಗೂ ಇದೆ. ಅಲ್ಲಿ ಹಬ್ಬಿನಿಂದ ಮಡ್‌ಗಾರ್ಡಿಗೆ ಟೇಪು ಹಿಡಿಯುವುದು ಎರಡು ನಿಮಿಷದ ಕೆಲಸ. ಸ್ಪ್ರಿಂಗ್ ಮಾರುವವರಿಗೂ ಒಂದು ಷರತ್ತು ಹಾಕಿ: ಡಬ್ಬಿಯ ಮೇಲೆ ಇಂಚು ಬರೆಯುವಷ್ಟೇ ದೊಡ್ಡ ಅಕ್ಷರದಲ್ಲಿ, ಇದು ಮಿಲಿಮೀಟರಿಗೆ ಎಷ್ಟು ಕಿಲೋದ ಸ್ಪ್ರಿಂಗ್, ಎಷ್ಟು ಹೆಚ್ಚುವರಿ ಭಾರದ ಗಾಡಿಗೆಂದು ಮಾಡಿದ್ದು, ಇದರ ಜತೆ ಯಾವ ಉದ್ದದ ಶಾಕ್ ಬೇಕು ಎಂದು ಬರೆಯಲಿ. ಬಿಲ್ಲಿನಲ್ಲೂ ಅದೇ ಇರಲಿ. ಅಪಘಾತದ ಮೊಕದ್ದಮೆ ನಡೆದಾಗ ಯಾರು ಯಾವ ಗಾಡಿಗೆ ಏನು ಮಾರಿದರು ಎಂಬುದಕ್ಕೆ ಕಾಗದವಾದರೂ ಇರುತ್ತದೆ.

ಅಲ್ಲಿಯವರೆಗೆ ಕೊಳ್ಳುವವರೇ ಆ ಪ್ರಶ್ನೆಗಳನ್ನು ಅಂಗಡಿಯಲ್ಲಿ ಕೇಳಬೇಕು. ಉತ್ತರ ಹೇಳಲಾಗದೆ "ಎಲ್ರೂ ಇದನ್ನೇ ಹಾಕಿಸ್ಕೋತಾರೆ ಸಾರ್" ಎಂದರೆ, ಅಲ್ಲಿಂದ ಹೊರಟು ಗೊಬ್ಬರದಂಗಡಿಗೆ ಹೋಗಿ ಆರು ಮೂಟೆ ಎರವಲು ಕೇಳುವುದು ಮೇಲು.